ದೋಣಿಗೂ ಒಂದು ಜಾತ್ರೆ

ಸಂಕ್ರಾಂತಿ ಬಂತೆಂದರೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಅದರ ದನದ ಪೇಟೆಯ ಪರಿಚಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೈತರಿಗೆ ಇದ್ದೇ ಇದೆ. ಅಲ್ಲಿಗೆ ಬರುವವರೆಲ್ಲ ಎತ್ತು ಕೊಳ್ಳುವವರಲ್ಲ. ಒಳ್ಳೆಯ ಖಿಲಾರಿ ಜೋಡಿ ಕಂಡರೆ ಹತ್ತು ಜನ ಸುತ್ತ ನೆರೆಯುತ್ತಾರೆ. ಒಬ್ಬರು ಹಲ್ಲು ನೋಡಿ ವಯಸ್ಸು ಹೇಳುತ್ತಾರೆ, ಇನ್ನೊಬ್ಬರು ಕೋಡಿನ ಚೆಲುವನ್ನು ಹೊಗಳುತ್ತಾರೆ, ಮತ್ತೊಬ್ಬರು ಗೊರಸು ನೋಡಿ ತಲೆಯಾಡಿಸುತ್ತಾರೆ. ಪಕ್ಕದಲ್ಲಿ ನಿಂತ ಹುಡುಗನಿಗೆ ಪುಸ್ತಕದಲ್ಲಿಲ್ಲದ ಪಾಠವೊಂದು ಪುಕ್ಕಟೆಯಾಗಿ ಸಿಗುತ್ತದೆ.

ಇದೇ ಬಗೆಯ ಜಾತ್ರೆ ದೋಣಿಗಳಿಗೂ ಉಂಟು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೋರ್ಟ್ ಟೌನ್ಸೆಂಡ್ ಎಂಬ ಊರಿನಲ್ಲಿ 1977ರಲ್ಲಿ ಮರದ ದೋಣಿಗಳ ಉತ್ಸವ ಆರಂಭವಾಯಿತು. ಆಸ್ಟ್ರೇಲಿಯದ ಹೋಬಾರ್ಟ್ ನಗರದಲ್ಲಿ 1994ರಲ್ಲಿ ಶುರುವಾದ ಉತ್ಸವ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿಯೂ ಜನ ಹಲಗೆಯ ಕೂಡಿಕೆ ನೋಡುತ್ತಾರೆ, ಮರ ಯಾವುದೆಂದು ಕೇಳುತ್ತಾರೆ, ಕಟ್ಟಿದವರ ಜತೆ ಗಂಟೆಗಟ್ಟಲೆ ಹರಟುತ್ತಾರೆ. ನೋಡುವ ಕಣ್ಣುಗಳಿರುವುದರಿಂದಲೇ ಮಾಡುವ ಕೈಗಳೂ ಉಳಿದಿವೆ.

ಅಂಥ ಕೈಗಳನ್ನು ಹುಡುಕಿ ತಂದ ಉದಾಹರಣೆ ನಮ್ಮ ನಾಡಿನಲ್ಲೂ ಇದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹಾಯಿಹಡಗು ಭಾರತೀಯ ನೌಕಾಪಡೆಯನ್ನು ಸೇರಿತು. ಅಜಂತಾದ ಭಿತ್ತಿಚಿತ್ರದಲ್ಲಿರುವ ಐದನೆಯ ಶತಮಾನದ ಹಡಗೇ ಇದಕ್ಕೆ ಮಾದರಿ. ಇದರ ಹಲಗೆಗಳಿಗೆ ಮೊಳೆ ಹೊಡೆದಿಲ್ಲ. ತೆಂಗಿನ ನಾರಿನ ಹಗ್ಗದಿಂದ ಒಂದಕ್ಕೊಂದು ಹೊಲಿಯಲಾಗಿದೆ. ಹಾಯಿಯ ಮೇಲೆ ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡದ ಚಿತ್ರವಿದೆ. ಕೇರಳದ ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಅಲ್ಲಿನ ಕುಶಲಕರ್ಮಿಗಳು ಇದನ್ನು ಕಟ್ಟಿದರು. ಹಳೆಯ ನಕ್ಷೆ ಒಂದೂ ಉಳಿದಿರಲಿಲ್ಲ. ಗೋಡೆಯ ಮೇಲಿನ ಚಿತ್ರ, ಹೊಲಿಯುವುದನ್ನು ಬಲ್ಲ ಕೈ, ಜೊತೆಗೆ ಇಂದಿನ ಎಂಜಿನಿಯರರ ಲೆಕ್ಕ, ಇವೇ ಬಂಡವಾಳ. ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿನತ್ತ ಹೊರಟಿತು.

ಸಮುದ್ರ ದೂರ, ನಮಗೇಕೆ ದೋಣಿಯ ಚಿಂತೆ ಎನ್ನುವಂತಿಲ್ಲ. ಇಂಡಿ, ಸಿಂದಗಿಯ ಸೀಮೆಗೆ ಭೀಮೆ ಇದ್ದಾಳೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಸೀಮೆಗೆ ಕೃಷ್ಣೆ ಇದ್ದಾಳೆ. ಬಾಗೇವಾಡಿಯ ಕಡೆಯಿಂದ ಕೂಡಲಸಂಗಮಕ್ಕೆ ಹೋಗುವವರು ಹೊಳೆ ದಾಟಲೇಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಹೊಳೆ ತುಂಬಿದಾಗ ಅಂಬಿಗನೇ ದಿಕ್ಕು. ಬಯಲುಸೀಮೆಯ ಹೊಳೆಗಳಿಗೆ ಒಗ್ಗಿದ ದೋಣಿಯೆಂದರೆ ಹರಿಗೋಲು.

ಹರಿಗೋಲಿಗೆ ಮರದ ಹಲಗೆ ಬೇಡ. ಬಿದಿರ ಸೀಳುಗಳಿಂದ ದೊಡ್ಡ ಬುಟ್ಟಿ ಹೆಣೆದು ಹೊರಗೆ ಚರ್ಮ ಹೊದಿಸುತ್ತಿದ್ದರು. ಈಚೆಗೆ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನ ಕೂಡಬಹುದಂತೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದಂತೆ, ಆದರೆ ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದಂತೆ!

ತಿರುಗುವುದೇಕೆ? ದುಂಡನೆಯ ಬುಟ್ಟಿಗೆ ಮೂತಿಯೂ ಇಲ್ಲ, ಬೆನ್ನೂ ಇಲ್ಲ. ಒಂದು ಬದಿಗೆ ಹುಟ್ಟು ಹಾಕಿದರೆ ಮುಂದೆ ಸಾಗುವ ಬದಲು ಸುತ್ತುತ್ತದೆ. ಅದನ್ನು ಹದದಲ್ಲಿ ಹಿಡಿಯುವುದೇ ಅಂಬಿಗನ ವಿದ್ಯೆ.

ಇಷ್ಟು ಭಾರ ಹೇಗೆ ಹೊರುತ್ತದೆ? ಆರ್ಕಿಮಿಡೀಸನ ತತ್ತ್ವ ಕಲಿತ ವಿದ್ಯಾರ್ಥಿ ಲೆಕ್ಕ ಹಾಕಿ ನೋಡಲಿ. ತಳ ಸಮವಾಗಿದೆ, ತ್ರಿಜ್ಯ 1 ಮೀಟರ್ ಎಂದು ಹಿಡಿಯೋಣ. ಬುಟ್ಟಿ ನೀರಿನಲ್ಲಿ 30 ಸೆಂಟಿಮೀಟರ್ ಇಳಿದರೆ ಸರಿಸುವ ನೀರು 3.14 × 1 × 1 × 0.3, ಅಂದರೆ ಸುಮಾರು 0.94 ಘನ ಮೀಟರ್. ಅದರ ತೂಕ ಸುಮಾರು 940 ಕಿಲೋ. ಬುಟ್ಟಿಯ ತೂಕವೂ ಇದರಲ್ಲೇ ಸೇರಬೇಕು. ಆದರೂ ಬುಟ್ಟಿ ತುಸು ಅಗಲವಾದರೆ ಪಾಯಸನ ಮಾತು ಉತ್ಪ್ರೇಕ್ಷೆಯಲ್ಲವೆಂದು ತಿಳಿಯುತ್ತದೆ. ಇದು ತೇಲುವ ಲೆಕ್ಕ ಮಾತ್ರ, ಜನರನ್ನು ಹತ್ತಿಸಿಕೊಳ್ಳುವ ಲೆಕ್ಕವಲ್ಲ.

ಸೇತುವೆಗಳು ಬಂದದ್ದು ಒಳ್ಳೆಯದೇ ಆಯಿತು. ಆದರೆ ಬಿದಿರು ಯಾವಾಗ ಕಡಿಯಬೇಕು, ಎಷ್ಟು ತೆಳುವಾಗಿ ಸೀಳಬೇಕು, ಅಂಚನ್ನು ಹೇಗೆ ಬಿಗಿಯಬೇಕು ಎಂಬುದು ಬಲ್ಲವರ ಬೆರಳುಗಳಲ್ಲಿದೆ. ಕೇಳುವವರಿಲ್ಲದಿದ್ದರೆ ಅದು ಅವರೊಂದಿಗೇ ಹೋಗುತ್ತದೆ. ನಾಳೆ ನಮ್ಮ ಮೊಮ್ಮಕ್ಕಳು ಹರಿಗೋಲು ಮಾಡಲು ಹೊರಟರೆ, ಅವರಿಗೆ ನೋಡಿ ಕಲಿಯಲು ಅಜಂತಾದ ಗೋಡೆಯೂ ಇರುವುದಿಲ್ಲ.

ಹೊಳೆದಂಡೆಯ ಶಾಲೆಗಳು ಮನಸ್ಸು ಮಾಡಿದರೆ ಸಣ್ಣ ದೋಣಿ ಜಾತ್ರೆಯೊಂದನ್ನು ನಡೆಸಬಹುದು. ಬುಟ್ಟಿ ಹೆಣೆಯುವವರನ್ನೂ ಹಿರಿಯ ಅಂಬಿಗರನ್ನೂ ಶಾಲೆಗೆ ಕರೆಯಿಸಿ, ಮಕ್ಕಳ ಕೈಯಿಂದ ಮೊಳದಗಲದ ಹರಿಗೋಲು ಮಾಡಿಸಬಹುದು. ಅದನ್ನು ನೀರಿನ ತೊಟ್ಟಿಯಲ್ಲಿ ತೇಲಿಸಿ, ಒಂದೊಂದೇ ಕಲ್ಲಿಟ್ಟು ಎಷ್ಟು ತಾಳುತ್ತದೆಂದು ಬರೆದಿಡಬಹುದು. ಹಿರಿಯರು ಹೇಳಿದ್ದನ್ನೂ ಅದೇ ವಹಿಯಲ್ಲಿ ಬರೆದುಕೊಳ್ಳಲಿ. ಹೊಳೆಗಿಳಿಯುವ ಸಾಹಸ ಮಾತ್ರ ಬೇಡ. ಅದಕ್ಕೆ ದೊಡ್ಡವರ ಜತೆ ಬೇಕು, ಮೈಮೇಲೆ ಲೈಫ್ ಜಾಕೆಟ್ ಬೇಕು.

ಇದರಿಂದ ಎಷ್ಟು ಮಾರ್ಕ್ಸ್ ಬರುತ್ತವೆ ಎಂದು ಪಾಲಕರು ಕೇಳಬಹುದು. ದನದ ಪೇಟೆಯಲ್ಲಿ ಎತ್ತಿನ ಹಲ್ಲು ನೋಡಲು ಕಲಿತ ಹುಡುಗನಿಗೂ ಯಾರೂ ಮಾರ್ಕ್ಸ್ ಕೊಡಲಿಲ್ಲ. ಆದರೆ ಮುಂದೆ ಎತ್ತು ಕೊಳ್ಳುವಾಗ ಅವನು ಮೋಸಹೋಗಲಿಲ್ಲ.