ತರಕಾರಿಯೂ ಮಕ್ಕಳೂ

ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ಸೀಮೆಯು ತರಕಾರಿಯ ಬೆಳೆಗೆ ಹೆಸರಾದುದು. ಟೊಮೇಟೊ, ಬೀನ್ಸ್, ಎಲೆಕೋಸು, ಬೀಟ್‌ರೂಟ್, ಸಾಂಬಾರು ಈರುಳ್ಳಿ ಮೊದಲಾದವು ಇಲ್ಲಿಯ ಹೊಲಗಳಲ್ಲಿ ಬೆಳೆಯುತ್ತವೆ. ತೆರಕಣಾಂಬಿಯ ಮಾರುಕಟ್ಟೆಯಲ್ಲಿ ಕೈಬದಲಾದ ಮೂಟೆಗಳು ಲಾರಿಯೇರಿ ಕೇರಳ, ತಮಿಳುನಾಡುಗಳನ್ನು ಸೇರುತ್ತವೆ. ಓಣಂ ಹಬ್ಬ ಸಮೀಪಿಸಿದಾಗಲಂತೂ ಬೇಡಿಕೆ ಇನ್ನೂ ಹೆಚ್ಚುತ್ತದೆ. ಇಂತಹ ನೆಲದಲ್ಲಿ ಹುಟ್ಟಿದ ಮಗು ತರಕಾರಿಯನ್ನು ತಾನಾಗಿಯೇ ಇಷ್ಟಪಡುವುದೆಂದು ಭಾವಿಸುವುದು ಸಹಜ. ಆದರೆ ಕಣ್ಣೆದುರು ಬೆಳೆದುದೆಲ್ಲವೂ ನಾಲಗೆಗೆ ರುಚಿಸಬೇಕೆಂಬ ನಿಯಮವಿಲ್ಲ. ಸಾರಿನ ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದುಬಿಡುವ ಮಕ್ಕಳು ಬೆಳೆಗಾರರ ಮನೆಗಳಲ್ಲಿಯೂ ಉಂಟು.

ಇದು ಅಲಕ್ಷಿಸತಕ್ಕ ಸಂಗತಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದಕ್ಕೆ ಕಾರಣಗಳು ಹಲವು. ಪೌಷ್ಟಿಕ ಆಹಾರದ ಕೊರತೆ ಅವುಗಳಲ್ಲಿ ಮುಖ್ಯವಾದುದು. ಸೊಪ್ಪಿನಲ್ಲಿ ಕಬ್ಬಿಣದ ಅಂಶವಿದೆ. ನಿಂಬೆ, ನೆಲ್ಲಿ, ಟೊಮೇಟೊಗಳಲ್ಲಿರುವ ‘ಸಿ’ ಜೀವಸತ್ವವು ಆ ಕಬ್ಬಿಣವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಹತ್ತು ವರ್ಷ ದಾಟಿದವರು ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಮತ್ತು ಹಣ್ಣುಗಳನ್ನು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹಾಗೆಂದು ಮಕ್ಕಳನ್ನು ಗದರಿಸಿ ತಿನ್ನಿಸುವುದು ಸರಿಯಾದ ಮಾರ್ಗವಲ್ಲ. ‘ಪಲ್ಯ ತಿಂದರೆ ಮಿಠಾಯಿ ಕೊಡುವೆ’ ಎಂಬ ಆಮಿಷವೂ ಹಿತವಲ್ಲ. ಪಲ್ಯವೆಂದರೆ ದಂಡ, ಮಿಠಾಯಿಯೆಂದರೆ ಬಹುಮಾನ ಎಂಬ ಪಾಠವನ್ನೇ ಮಗು ಅದರಿಂದ ಕಲಿಯುತ್ತದೆ. ಕಹಿಯನ್ನೂ ಹೊಸ ರುಚಿಯನ್ನೂ ಶಂಕಿಸುವುದು ಎಳೆಯರ ಸ್ವಭಾವ. ಒಂದೇ ತರಕಾರಿಯನ್ನು ಹತ್ತಾರು ಬಾರಿ, ಸ್ವಲ್ಪ ಸ್ವಲ್ಪವಾಗಿ, ಬಲವಂತವಿಲ್ಲದೆ ಬಡಿಸಿದಾಗ ಆ ಶಂಕೆಯು ಕ್ರಮೇಣ ಕರಗುತ್ತದೆ. ರುಚಿಯೆಂಬುದು ಬಹುಮಟ್ಟಿಗೆ ಪರಿಚಯದ ಫಲ.

ಆ ಪರಿಚಯವನ್ನು ಮಾಡಿಸಬೇಕಾದವರು ಹಿರಿಯರು. ತಾನು ಹಾಗಲಕಾಯಿಯನ್ನು ಬದಿಗಿಡುವ ತಂದೆಯ ಉಪದೇಶಕ್ಕೆ ಬೆಲೆಯಿಲ್ಲ. ಒಳ್ಳೆಯ ಕಾಯಿಯೆಲ್ಲವೂ ಮಾರುಕಟ್ಟೆಗೆ, ಮುರುಕು ಕಾಯಿ ಮಾತ್ರ ಮನೆಗೆ ಎಂಬ ರೂಢಿಯಿದ್ದರೆ, ತರಕಾರಿಯೆಂಬುದು ಹಣಕ್ಕಾಗಿಯೇ ಹೊರತು ಊಟಕ್ಕಲ್ಲವೆಂದು ಮಗು ತಿಳಿಯುತ್ತದೆ. ಸಾಲದ ಭಾರ ಹೊತ್ತ ರೈತನು ಮಾರಾಟವನ್ನು ಮರೆಯಲಾರನು, ನಿಜ. ಆದರೂ ಹೊಲದಲ್ಲಿ ಒಂದು ಸಾಲನ್ನಾದರೂ ಮನೆಗೆಂದು ಮೀಸಲಿಡುವುದು ಅಸಾಧ್ಯವೇನಲ್ಲ. ಆ ಸಾಲಿಗೆ ನೀರುಣಿಸುವ ಕೆಲಸ ಮಗುವಿನದಾಗಲಿ. ತನ್ನ ಕೈಯಿಂದ ಬೆಳೆದ ಬದನೆಯನ್ನು ಸವಿದು ನೋಡುವ ಕುತೂಹಲ ಯಾವ ಮಗುವಿಗೂ ಹುಟ್ಟದಿರದು.

ಈ ಸೀಮೆಯ ಅಡುಗೆಯೂ ಇದಕ್ಕೆ ಅನುಕೂಲವಾಗಿದೆ. ಬದುಗಳಲ್ಲಿ ದೊರೆಯುವ ಬೆರಕೆ ಸೊಪ್ಪಿಗೆ ಕಾಸು ಖರ್ಚಿಲ್ಲ. ಉಪ್ಪುಸಾರು, ಬಸ್ಸಾರುಗಳಲ್ಲಿ ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೇ ಬಳಸುವುದರಿಂದ, ನೀರಿನಲ್ಲಿ ಕರಗಿದ ಸತ್ವಗಳು ವ್ಯರ್ಥವಾಗುವುದಿಲ್ಲ. ಇಂತಹ ಊಟವನ್ನು ಬಡತನದ ಗುರುತೆಂದು ಹಳಿಯುವುದು ಅವಿವೇಕ.

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಇದರಲ್ಲಿ ಹೊಣೆಯುಂಟು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಿಂದಾಗಿ ಮಕ್ಕಳು ಶಾಲೆಯಲ್ಲಿ ಸಾಲಾಗಿ ಕುಳಿತು ಉಣ್ಣುತ್ತಾರೆ. ಹಿರಿಯ ವಿದ್ಯಾರ್ಥಿಯು ಸಾಂಬಾರಿನ ಹೋಳುಗಳನ್ನು ಎಸೆದರೆ ಕಿರಿಯನೂ ಎಸೆಯುತ್ತಾನೆ. ಅವನು ಸಂತೋಷದಿಂದ ತಿಂದರೆ ಕಿರಿಯನೂ ಕೈಯಿಕ್ಕುತ್ತಾನೆ. ಮನೆಯಲ್ಲಿ ತಮ್ಮತಂಗಿಯರು ಅನುಸರಿಸುವುದೂ ಅವನನ್ನೇ. ದೂರದ ಊರುಗಳಿಗೆ ತರಕಾರಿಯನ್ನು ಒದಗಿಸುವ ನಾಡು ತನ್ನ ಮಕ್ಕಳಿಗೆ ಅದರ ರುಚಿಯನ್ನು ಕಲಿಸುವುದು ಅತ್ಯವಶ್ಯಕ.