ಬಾಲ್ಕನಿಯಲ್ಲಿ ಅಮ್ಮನ ಸೀರೆ

ದುಬೈ. ಫೈವ್ ಸ್ಟಾರ್ ಹೋಟೆಲ್, ಹನ್ನೊಂದನೇ ಮಹಡಿ. ಕೆಳಗೆ ಕ್ರೀಕ್‌ನ ನೀರು ಫಳಫಳ ಅಂತಿದೆ. ಬಾಲ್ಕನಿಯ ಕಂಬಿ ಮೇಲೆ ಅಮ್ಮನ ಹಸಿರು ಕಾಟನ್ ಸೀರೆ!

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಇಷ್ಟಾಗಿತ್ತು. "ಇಷ್ಟು ಒಳ್ಳೆ ಬಿಸಿಲು ಸುಮ್ನೆ ಹಾಳಾಗ್ತದೆ ಮಾರಾಯ" ಅಂತ ಅಮ್ಮನ ಸಮರ್ಥನೆ. ಹತ್ತು ನಿಮಿಷಕ್ಕೆ ಬೆಲ್ ಆಯ್ತು. ಹೌಸ್‌ಕೀಪಿಂಗ್ ಹುಡುಗ ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ಶುರು ಮಾಡಿದ. ಒಳಗಿಂದ ಅಮ್ಮ "ಯಾರಂತೆ?" ಅಂದದ್ದೇ ತಡ, ಅವನ ಮುಖ ಅರಳಿತು. "ಅಮ್ಮಾ, ಸೀರೆ ಒಳಗೆ ತಗೊಳ್ಳಿ. ಇಲ್ಲಿ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದ್ರೆ ಮುನ್ಸಿಪಾಲಿಟಿಯವ್ರು ಫೈನ್ ಹಾಕ್ತಾರೆ." ಕಾರ್ಕಳದವನಂತೆ. ಸೀರೆ ಒಳಗೆ ಬಂತು, ಅಮ್ಮನ ಬ್ಯಾಗಿನಿಂದ ನಾಲ್ಕು ಚಕ್ಕುಲಿ ಹೊರಗೆ ಹೋಯ್ತು.

ನೀರು ಕಾಣುವ ರೂಮೇ ಬೇಕು ಅಂದವಳು ಅಮ್ಮ. ಅದಕ್ಕೊಂದು ಕಾರಣ ಇತ್ತು. ತೊಂಬತ್ತರ ದಶಕದಲ್ಲಿ ಅಪ್ಪ ಇಲ್ಲೇ ದೇರಾದಲ್ಲಿ ಒಂಬತ್ತು ವರ್ಷ ದುಡಿದಿದ್ದರು. ನಾನು ಹುಟ್ಟಿದಾಗಲೂ ಇಲ್ಲೇ ಇದ್ದರು. ಸಂಸಾರ ಕರೆಸಿಕೊಳ್ಳಬೇಕಾದರೆ ಸಂಬಳ ಇಷ್ಟಿರಬೇಕು ಅಂತ ಇಲ್ಲಿ ನಿಯಮ. ಅಪ್ಪನ ಸಂಬಳ ಅಲ್ಲಿಯವರೆಗೆ ಏರಲೇ ಇಲ್ಲ. ತಿಂಗಳಿಗೆರಡು ಕಾಗದ ಮಾತ್ರ ತಪ್ಪದೆ ಬರ್ತಿತ್ತು: "ನೀರಿನ ಪಕ್ಕದಲ್ಲೇ ಇದ್ದೇನೆ, ಸಂಜೆ ಗಾಳಿ ಚೆನ್ನಾಗಿ ಬರ್ತದೆ, ಚಿಂತೆ ಮಾಡಬೇಡ." ಆ ನೀರನ್ನು ನೋಡಬೇಕು ಅನ್ನೋದು ಅಮ್ಮನ ಆಸೆ. ಅಪ್ಪನನ್ನೂ ಕರೆದೆ. "ನಾನು ನೋಡಿದ್ದು ಸಾಕು ಮಾರಾಯ, ನೀವು ಹೋಗಿ ಬನ್ನಿ" ಅಂದುಬಿಟ್ಟರು.

ಮೂರು ರಾತ್ರಿಗೆ ಎಷ್ಟಾಯ್ತು ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ. ನಿಮಗೊಂದು ಕಿವಿಮಾತು. ಆ್ಯಪ್‌ನಲ್ಲಿ ಮೊದಲು ಕಾಣುವ ದರ ನಂಬಿ ಲೆಕ್ಕ ಹಾಕಬೇಡಿ. ಅದರ ಮೇಲೆ ಸರ್ವಿಸ್ ಚಾರ್ಜ್ 10%, ಮುನ್ಸಿಪಾಲಿಟಿ ಶುಲ್ಕ 7%, ವ್ಯಾಟ್ 5% ಬೀಳುತ್ತದೆ. ಸಾಲದ್ದಕ್ಕೆ ಫೈವ್ ಸ್ಟಾರ್ ಆದರೆ ರೂಮಿಗೆ ರಾತ್ರಿಗೆ 20 ದಿರ್ಹಂ 'ಟೂರಿಸಂ ದಿರ್ಹಂ'. ಕೆಲವು ಆ್ಯಪ್‌ಗಳು ಇದನ್ನೆಲ್ಲ ಸೇರಿಸಿಯೇ ತೋರಿಸುತ್ತವೆ, ಕೆಲವು ಕೊನೇ ಪುಟದಲ್ಲಿ ಬಾಯಿ ಬಿಡುತ್ತವೆ. ಚೆಕ್‌ ಇನ್ ಹೊತ್ತಿಗೆ ಡಿಪಾಸಿಟ್ ಅಂತ ಕಾರ್ಡಿನಲ್ಲಿ ಒಂದಿಷ್ಟು ಹಣ ಹಿಡಿದಿಡುತ್ತಾರೆ. ಡೆಬಿಟ್ ಕಾರ್ಡ್ ಕೊಟ್ಟರೆ ನಿಮ್ಮದೇ ದುಡ್ಡಿಗೆ ದಿನಗಟ್ಟಲೆ ಕಾಯಬೇಕು. ನಾನು ಕೊಟ್ಟಿದ್ದು ಡೆಬಿಟ್ ಕಾರ್ಡೇ.

ಅಮ್ಮ ಎಲ್ಲದಕ್ಕೂ 23ರ ಮಗ್ಗಿ ಹೇಳ್ತಿದ್ದಳು. ನೀರಿನ ಬಾಟಲಿಗೆ, ಮಿನಿಬಾರ್ ಚಾಕೊಲೇಟಿಗೆ, ಎಲ್ಲದಕ್ಕೂ. ಹಿಂದೆ ಹೀಗೆ ಗುಣಿಸುವ ಕೆಲಸವೇ ಇರಲಿಲ್ಲ ಅಂದೆ. 1966ರವರೆಗೆ ದುಬೈಯಲ್ಲಿ ಓಡುತ್ತಿದ್ದದ್ದು ರೂಪಾಯಿಯೇ. ಗಲ್ಫ್‌ಗೆಂದೇ ಬೇರೆ ನೋಟುಗಳನ್ನು ನಮ್ಮ ರಿಸರ್ವ್ ಬ್ಯಾಂಕ್ 1959ರಲ್ಲಿ ಹೊರಡಿಸಿತ್ತು. 66ರಲ್ಲಿ ನಾವು ರೂಪಾಯಿ ಬೆಲೆ ಇಳಿಸಿದೆವು, ಅವರು ರೂಪಾಯಿ ಬಿಟ್ಟರು. "ಹಾಗಾದ್ರೆ ತಪ್ಪು ನಮ್ಮದೇ" ಅಂದಳು.

ಎರಡನೇ ದಿನ ಸಂಜೆ ಅಬ್ರಾ ಹತ್ತಿದೆವು. ಅಬ್ರಾ ಅಂದರೆ ಕ್ರೀಕ್ ದಾಟಿಸುವ ಮರದ ದೋಣಿ. ಎದುರುಬದುರಲ್ಲ, ನಡುವಿನ ಹಲಗೆ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು, ನೀರಿಗೆ ಮುಖ ಮಾಡಿ ಕೂರಬೇಕು. ದೇರಾದಿಂದ ಬರ್ ದುಬೈಗೆ ಒಂದು ದಿರ್ಹಂ. ಅಮ್ಮ ಗುಣಿಸದೆ ಕೊಟ್ಟದ್ದು ಇದೊಂದಕ್ಕೇ. ವಾಪಸ್ ಬಂದು ದೇರಾ ದಂಡೆಯಲ್ಲಿ ನಡೆದೆವು. ಹೂಳು ತುಂಬಿದ್ದ ಈ ಕ್ರೀಕನ್ನು 1960ರ ಹೊತ್ತಿಗೆ ಶೇಖ್ ರಶೀದ್ ಸಾಲ ಮಾಡಿ ಅಗೆಸಿದರಂತೆ, ಎಣ್ಣೆ ಸಿಗುವ ಮೊದಲೇ. ಈಗಲೂ ಮರದ ಹಡಗುಗಳು ಸಾಲಾಗಿ ನಿಂತು ಫ್ರಿಜ್ಜು, ಟಯರು ತುಂಬಿಕೊಂಡು ಇರಾನಿಗೆ ಹೋಗುತ್ತವೆ.

ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

"ಎಡಕ್ಕೆ ತಿರುಗಿಸು. ಇನ್ನೂ ಸ್ವಲ್ಪ. ಹಾಂ, ಅಲ್ಲೇ! ಆ ಕಟ್ಟೆ ಮೇಲೆ ಕೂರ್ತಿದ್ದೆ. ಆಗ ಶುಕ್ರವಾರ ರಜೆ ಅಲ್ವಾ."

"ರೂಮ್ ಯಾವುದು?" ಅಮ್ಮ ಫೋನಿಗೆ ಇಣುಕಿದಳು.

ಅಪ್ಪ ಒಂದು ಕ್ಷಣ ಸುಮ್ಮನಾದರು. "ರೂಮ್ ಇಲ್ಲಿ ಅಲ್ಲ. ಒಳಗೆ, ಮಾರ್ಕೆಟ್ ಹಿಂದೆ. ಎಂಟು ಜನ ಇದ್ದೆವು. ಕಿಟಕಿ ಇರ್ಲಿಲ್ಲ ಅದಕ್ಕೆ."

"ನೀರಿನ ಪಕ್ಕ ಅಂತ ಬರೀತಿದ್ರಿ?"

"ಹೌದಲ್ಲ. ಇಲ್ಲೇ ಕೂತು ಬರೀತಿದ್ದೆ."

ಕಾಲ್ ಮುಗಿದ ಮೇಲೆ ಅಮ್ಮ ಕಟ್ಟೆ ಮೇಲೆ ಕೂತಳು. ಸೆಕೆ ಇತ್ತು, ಗಾಳಿ ಹೇಳುವಂಥದ್ದೇನೂ ಬರ್ತಿರಲಿಲ್ಲ. ಹಡಗಿನವರು ಲೈಟ್ ಹಾಕಿದರು. ದೂರದಲ್ಲಿ ನಮ್ಮ ಹೋಟೆಲೂ ಝಗ್ ಅಂತ ಹೊತ್ತಿಕೊಂಡಿತು.

"ಹೋಗುವಾ ಅಮ್ಮ. ನೀರು ರೂಮಿಂದಲೂ ಕಾಣ್ತದೆ" ಅಂದೆ.

"ಇರು ಮಾರಾಯ" ಅಂದಳು.