ಉಚ್ಚಾರದೋಷವೋ, ಮನೆಮಾತಿನ ನಿಯಮವೋ?

ಕನ್ನಡ ಎಂ.ಎ. ತರಗತಿಯಲ್ಲಿ ಉಡುಪಿ, ಕಾಪು ಕಡೆಯ ವಿದ್ಯಾರ್ಥಿಯೊಬ್ಬ ‘ಹಳ್ಳಿ’ಯನ್ನು ‘ಹಲ್ಲಿ’ ಎಂದು ಓದಿದರೆ ಸಹಪಾಠಿಗಳು ನಗುತ್ತಾರೆ, ಅಧ್ಯಾಪಕರು ತಿದ್ದುತ್ತಾರೆ. ಮುಂದಿನ ಸಲ ಆತ ಓದಲು ಏಳುವುದಿಲ್ಲ. ಹೀಗೆ ತಿದ್ದುವಾಗ ನಾವು ವಿದ್ಯಾರ್ಥಿಯ ಮನೆಮಾತಿನ ಧ್ವನಿವ್ಯವಸ್ಥೆಯನ್ನು ಎಷ್ಟರಮಟ್ಟಿಗೆ ಅರಿತಿರುತ್ತೇವೆ ಎಂಬುದು ಕನ್ನಡ ವಿಭಾಗಗಳು ಕೇಳಿಕೊಳ್ಳಬೇಕಾದ ಪ್ರಶ್ನೆ.

ಈ ಪ್ರಶ್ನೆಗೆ ದೂರದ ನಿದರ್ಶನವೊಂದು ಬೆಳಕು ಚೆಲ್ಲಬಲ್ಲದು. ‘ಸ್ಟಾರ್ ಟ್ರೆಕ್’ ಚಲನಚಿತ್ರಗಳಿಗಾಗಿ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ರೂಪಿಸಿದ ಕ್ಲಿಂಗನ್ ಎಂಬ ಕೃತಕ ಭಾಷೆಯ ನಿಘಂಟು 1985ರಲ್ಲಿ ಪ್ರಕಟವಾಯಿತು. ಅದರ ಉಚ್ಚಾರಣಾ ವಿವರಣೆ ಇಂಗ್ಲಿಷ್ ಬಲ್ಲವರನ್ನು ಉದ್ದೇಶಿಸಿದ್ದು. ಆ ಭಾಷೆಯಲ್ಲಿ ಮೂರ್ಧನ್ಯ ಡಕಾರವಿದೆ. ಗಂಟಲಿನತ್ತ ಉಜ್ಜಿ ಹೊರಡುವ ಒಂದು ಘರ್ಷಧ್ವನಿಯೂ ಇದೆ. ಡಕಾರ ಅಮೆರಿಕದವನಿಗೆ ಕಷ್ಟ, ಕನ್ನಡಿಗನಿಗೆ ಸಹಜ. ಘರ್ಷಧ್ವನಿ ಲಂಡನ್ನಿನವನಿಗೆ ಅಪರಿಚಿತ. ಸರೋವರವನ್ನು ‘ಲಾಖ್’ ಎನ್ನುವ ಸ್ಕಾಟ್ಲೆಂಡಿನವನಿಗೆ ಅದರ ಹತ್ತಿರದ ಧ್ವನಿ ಆಗಲೇ ರೂಢಿಯಲ್ಲಿದೆ. ಇಂಗ್ಲಿಷನ್ನೇ ಆಡುವ ಇಬ್ಬರಿಗೆ ಒಂದೇ ಧ್ವನಿಯ ಕಷ್ಟ ಒಂದೇ ಅಲ್ಲ. ಯಾವುದೇ ಧ್ವನಿ ಸುಲಭವೋ ಕಠಿಣವೋ ಎಂಬುದನ್ನು ಕಲಿಯುವವನು ಈಗಾಗಲೇ ಆಡುವ ನುಡಿಯೇ ನಿರ್ಧರಿಸುತ್ತದೆ.

ತುಳುನಾಡಿನಲ್ಲಿ ಇದೇ ನಿಯಮವನ್ನು ಕಾಣಬಹುದು. ಬ್ರಾಹ್ಮಣ ತುಳುವಿನಲ್ಲಿಯೂ ದಕ್ಷಿಣದ ಸಾಮಾನ್ಯ ತುಳುವಿನಲ್ಲಿಯೂ ಲ-ಳ ಭೇದ ಉಳಿದಿದೆ. ಉಡುಪಿ ಸೀಮೆಯ ಸಾಮಾನ್ಯ ತುಳುವಿನಲ್ಲಿ ‘ಬೊಳ್ದು’ ‘ಬೊಲ್ದು’ ಆಗಿದೆ, ‘ಉಳಯಿ’ ‘ಉಲಯಿ’ ಆಗಿದೆ. ಕಾರ್ಕಳದಂತಹ ಕಡೆ ನೆಲೆಸಿರುವ ಜೈನರ ತುಳುವಿನಲ್ಲಿ ‘ತರೆ’ ಎಂಬುದು ‘ಹರೆ’, ‘ಸಾದಿ’ ಎಂಬುದು ‘ಹಾದಿ’. ಡಿ.ಎನ್. ಶಂಕರ ಭಟ್ಟರು 1967ರಲ್ಲಿಯೇ ತುಳುವಿನ ವರ್ಣನಾತ್ಮಕ ವಿಶ್ಲೇಷಣೆಯನ್ನು ಪ್ರಕಟಿಸಿದರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಪ್ರಾದೇಶಿಕ, ಸಾಮಾಜಿಕ ರೂಪಭೇದಗಳನ್ನು ದಾಖಲಿಸಿದೆ. ಇಷ್ಟು ಸಾಮಗ್ರಿ ಕೈಯಳತೆಯಲ್ಲಿದ್ದರೂ ನಮ್ಮ ಪಾಠಕ್ರಮವು ಅದನ್ನು ಉಚ್ಚಾರಣೆಯ ಬೋಧನೆಗೆ ಬಳಸಿಕೊಂಡಿಲ್ಲ.

ಲ-ಳ ಭೇದವು ತುಳುವಿನ ಕೆಲವು ಸಾಮಾಜಿಕ ಪ್ರಭೇದಗಳಲ್ಲಿ ಉಳಿದು ಕೆಲವುಗಳಲ್ಲಿ ಅಳಿದಿರುವುದರಿಂದ ‘ಅಶುದ್ಧ’ ಎಂಬ ತೀರ್ಪು ಕೇವಲ ನಾಲಿಗೆಯ ಮೇಲಿನ ತೀರ್ಪಾಗಿ ಉಳಿಯುವುದಿಲ್ಲ. ವಿದ್ಯಾರ್ಥಿಯ ಮನೆ, ಸಮುದಾಯಗಳ ಮೇಲೂ ಬೀಳುತ್ತದೆ. ಕನ್ನಡವೂ ಇಂತಹ ಹಾದಿಯಲ್ಲಿಯೇ ನಡೆದು ಬಂದಿದೆ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಖಡ್ಗ. ಕೇಶಿರಾಜನು ಲಕ್ಷಣ ಹೇಳಿದ ಆ ಱ, ೞಗಳು ಕಾಲಕ್ರಮದಲ್ಲಿ ರ, ಳಗಳಲ್ಲಿ ಲೀನವಾದವು. ಇಂದು ಎರಡೂ ‘ಬಾಳ್’ಗಳನ್ನು ಒಂದೇ ಬಗೆಯಾಗಿ ಉಚ್ಚರಿಸುವ ಪ್ರಾಧ್ಯಾಪಕರನ್ನು ಯಾರೂ ಉಚ್ಚಾರದೋಷಿ ಎನ್ನುವುದಿಲ್ಲ. ನಮ್ಮಲ್ಲಿ ಧ್ವನಿಪರಿವರ್ತನೆ ಎನಿಸಿಕೊಂಡದ್ದು ತುಳುವರಲ್ಲಿ ಮಾತ್ರ ದೋಷ ಎನಿಸುವುದು ನ್ಯಾಯವಲ್ಲ.

ಹಾಗೆಂದು ತಿದ್ದುವುದೇ ಬೇಡವೆಂದಲ್ಲ. ‘ಕಲ್ಲು’, ‘ಕಳ್ಳು’ಗಳ ಭೇದ ಅಳಿದರೆ ಅರ್ಥವೇ ಬದಲಾಗುತ್ತದೆ. ಗಮಕಕ್ಕೂ ಬೋಧನೆಗೂ ಪ್ರಮಾಣ ಉಚ್ಚಾರಣೆ ಅಗತ್ಯ. ಆದರೆ ಲ-ಳಗಳನ್ನು ಬೇರೆಯಾಗಿ ಕೇಳಿ ರೂಢಿಯಿಲ್ಲದ ಕಿವಿಗೆ ‘ಸರಿಯಾಗಿ ಹೇಳು’ ಎಂಬ ಆಜ್ಞೆಯಿಂದ ಪ್ರಯೋಜನವಿಲ್ಲ. ಮೊದಲು ಕೇಳಿಸಿಕೊಳ್ಳುವ ಅಭ್ಯಾಸ ಬೇಕು, ನಾಲಿಗೆಯ ಅಭ್ಯಾಸ ಅನಂತರದ್ದು. ಮಣಿಪಾಲಕ್ಕೆ ಓದಲು ಬರುವ ಹೊರನಾಡಿನವರಿಗೆ ಕನ್ನಡ ಕಲಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ಮಲಯಾಳಿಗೆ ಳಕಾರವನ್ನು ಹೊಸದಾಗಿ ಕಲಿಸಬೇಕಿಲ್ಲ. ಹಿಂದಿಯವನಿಗೆ ಳಕಾರದೊಡನೆ ಹ್ರಸ್ವ ಎ, ಒಗಳನ್ನೂ ಕಲಿಸಬೇಕು. ಇಬ್ಬರಿಗೂ ಒಂದೇ ಪಾಠ ಸಾಲದು.

ಆದುದರಿಂದ ಎಂ.ಎ. ಭಾಷಾವಿಜ್ಞಾನ ಪತ್ರಿಕೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಮಾತಿನ ಧ್ವನಿಮಾಗಳನ್ನು ತಾನೇ ದಾಖಲಿಸಿ ಕನ್ನಡದೊಡನೆ ಹೋಲಿಸುವ ಕಾರ್ಯವಿರಬೇಕು. ಹಲ್ಲಿ-ಹಳ್ಳಿ, ಕಲ್ಲು-ಕಳ್ಳುಗಳಂತಹ ಕನಿಷ್ಠ ಯುಗ್ಮಗಳ ಶ್ರವಣ ಪಾಠಗಳನ್ನು ಮನೆಮಾತಿಗೆ ಅನುಗುಣವಾಗಿ ಸಿದ್ಧಪಡಿಸಬೇಕು. ‘ಬೊಲ್ದು’ ಎನ್ನುವ ಹುಡುಗ ತನ್ನ ನುಡಿಯ ನಿಯಮವನ್ನು ಅರಿತು ‘ಬಿಳಿ’ಯ ಳಕಾರವನ್ನು ಕಲಿತರೆ ಕನ್ನಡಕ್ಕೆ ಒಬ್ಬ ಒಳ್ಳೆಯ ಅಧ್ಯಾಪಕ ದೊರೆತಂತಾಗುತ್ತದೆ, ತುಳುವಿಗೂ ಒಬ್ಬ ಸಂಶೋಧಕ ದೊರೆಯಬಹುದು.